ಚಳಿಗಾಲದ ವಾರಾಂತ್ಯ, ಕಡಲಂಚಿನ ಹಕ್ಕಿಗಳು, ಜೊತೆಗೆ ಗೆಳೆಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಹಕ್ಕಿ ನೋಡಲು ಕಡಲಂಚಿಗೆ ಚಳಿಗಾಲದಲ್ಲೇ ಹೋಗಬೇಕೇ?

ಭೂಮಿಯ ಉತ್ತರಾರ್ಧದಲ್ಲಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಸ್ಯಾಂಡ್‌ಪೈಪರ್, ಪ್ಲೋವರ್, ಗಾಡ್ವಿಟ್, ಕರ್ಲ್ಯೂ ಮುಂತಾದ ದಡದ ಹಕ್ಕಿಗಳಲ್ಲಿ ಬಹಳಷ್ಟು ಮರಿ ಮಾಡುವುದು ಉತ್ತರ ಧ್ರುವದ ಸುತ್ತಲಿನ ಟುಂಡ್ರಾದಲ್ಲಿ, ಸೈಬೀರಿಯಾದ ಜೌಗಿನಲ್ಲಿ, ಮಧ್ಯ ಏಷ್ಯಾದ ಎತ್ತರದ ಬಯಲುಗಳಲ್ಲಿ. ಅಲ್ಲಿ ಬೇಸಿಗೆ ಎಂದರೆ ಕೆಲವೇ ವಾರ. ಮರಿಗಳು ರೆಕ್ಕೆ ಬಲಿಯುತ್ತಿದ್ದಂತೆ ದಕ್ಷಿಣದ ದಾರಿ ಹಿಡಿಯುತ್ತವೆ. ನವೆಂಬರ್ ಹೊತ್ತಿಗೆ ತಂತಮ್ಮ ಅಳಿವೆ, ಕೆಸರುಬಯಲು, ಮರಳದಂಡೆ ಸೇರಿಕೊಂಡು ಫೆಬ್ರವರಿ ಮುಗಿಯುವವರೆಗೆ ಹೆಚ್ಚುಕಡಿಮೆ ಅಲ್ಲೇ ನೆಲೆ ನಿಲ್ಲುತ್ತವೆ. ವಲಸೆಯ ತಿಂಗಳುಗಳಲ್ಲಿ ಇಂದು ಕಂಡದ್ದು ನಾಳೆ ಇರುವುದಿಲ್ಲ. ಚಳಿಗಾಲದಲ್ಲಿ ಹಾಗಲ್ಲ, ಶನಿವಾರ ಗುರುತು ಸಿಗದ ಹಕ್ಕಿಯನ್ನು ಭಾನುವಾರ ಮತ್ತೆ ನೋಡಬಹುದು. ಎಷ್ಟೋ ಹಕ್ಕಿಗಳು ವರ್ಷ ವರ್ಷವೂ ಅದೇ ದಡಕ್ಕೆ ಮರಳುತ್ತವೆ.

ಹೊರಡುವ ಮೊದಲು ಅವು ಬಂದ ದಾರಿಯ ಬಗ್ಗೆ ಸ್ವಲ್ಪ ಓದಿಕೊಳ್ಳಿ. 2022ರ ಅಕ್ಟೋಬರಿನಲ್ಲಿ ಉಪಗ್ರಹ ಟ್ಯಾಗ್ ಹೊತ್ತ ಬಾರ್-ಟೇಲ್ಡ್ ಗಾಡ್ವಿಟ್ ಒಂದು ಅಲಾಸ್ಕಾದಿಂದ ಹೊರಟು ಎಲ್ಲೂ ಇಳಿಯದೆ 11 ದಿನ ಹಾರಿ, 13,560 ಕಿ.ಮೀ. ಕ್ರಮಿಸಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ಮುಟ್ಟಿತು. ಆಗ ಅದರ ವಯಸ್ಸು ಸುಮಾರು ಐದು ತಿಂಗಳು, ಅದು ಅದರ ಮೊದಲ ವಲಸೆ. ಇಂಥ ಹಾರಾಟಕ್ಕೆ ಮುಂಚೆ ಗಾಡ್ವಿಟ್‌ಗಳು ಮೈತುಂಬ ಕೊಬ್ಬು ತುಂಬಿಕೊಂಡು, ಹೊಟ್ಟೆ ಕರುಳುಗಳನ್ನೇ ಕುಗ್ಗಿಸಿಕೊಳ್ಳುತ್ತವೆ. ಇದು ತಿಳಿದಿದ್ದರೆ ಕೆಸರಿನಲ್ಲಿ ಕೊಕ್ಕು ಊರಿ ನಿಂತ ಬೂದು ಹಕ್ಕಿಯನ್ನು ಸುಮ್ಮನೆ ದಾಟಿ ಹೋಗಲು ಮನಸ್ಸು ಬಾರದು.

ಯಾವ ವಾರಾಂತ್ಯ ಆರಿಸಿಕೊಳ್ಳಬೇಕು?

ರಜೆ ನೋಡುವ ಮೊದಲು ಉಬ್ಬರವಿಳಿತದ ಪಟ್ಟಿ ನೋಡಿ. ಕಡಲಂಚಿನ ಹಕ್ಕಿಗೆ ಬೆಳಗು ಬೈಗು ಎರಡನೆಯ ಮಾತು, ನೀರು ಎಲ್ಲಿದೆ ಎನ್ನುವುದು ಮೊದಲನೆಯದು. ಈ ಇಡೀ ಪುಟದಲ್ಲಿ ಒಂದೇ ಉತ್ತರವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

ಬಹುತೇಕ ದಡಗಳಲ್ಲಿ ಸುಮಾರು 24 ಗಂಟೆ 50 ನಿಮಿಷಕ್ಕೆ ಎರಡು ಉಬ್ಬರ, ಎರಡು ಇಳಿತ. ಹಾಗಾಗಿ ಉಬ್ಬರದ ವೇಳೆ ದಿನಕ್ಕೆ ಹತ್ತಿರ ಹತ್ತಿರ 50 ನಿಮಿಷ ಮುಂದಕ್ಕೆ ಜರುಗುತ್ತದೆ. ಏಳು ದಿನಕ್ಕೆ ಈ ಜರುಗಾಟ ಆರು ಗಂಟೆಯ ಆಸುಪಾಸಿಗೆ ಬರುತ್ತದೆ. ಅಂದರೆ ಈ ಶನಿವಾರ ಬೆಳಿಗ್ಗೆ 8ಕ್ಕೆ ನೀರು ತುಂಬಿದ್ದರೆ ಮುಂದಿನ ಶನಿವಾರ ಅದೇ 8ಕ್ಕೆ ನೀರು ಪೂರ್ತಿ ಹಿಂದೆ ಸರಿದಿರುತ್ತದೆ. ಅದರ ಮುಂದಿನ ವಾರ ಮತ್ತೆ ಮೊದಲಿನಂತೆ. "ಹೋದ ವಾರ ನಮ್ಮವರು ಹೋದಾಗ ಸಾವಿರಾರು ಹಕ್ಕಿ ಇದ್ದವು, ನಾವು ಹೋದರೆ ಒಂದೂ ಇಲ್ಲ" ಎನ್ನುವ ಮಾತಿನ ಹಿಂದೆ ಬಹುಮಟ್ಟಿಗೆ ಈ ಲೆಕ್ಕವೇ ಇರುತ್ತದೆ. ಹಕ್ಕಿಗಳು ಎಲ್ಲೂ ಹೋಗಿರುವುದಿಲ್ಲ, ನೀರಿನ ಜೊತೆ ಅರ್ಧ ಕಿಲೋಮೀಟರ್ ಆಚೆ ಸರಿದಿರುತ್ತವೆ.

ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿ ನವಮಿಯ ಹೊತ್ತಿಗೆ ಎರಡೂ ಸಣ್ಣವು. ದೊಡ್ಡ ಉಬ್ಬರದ ದಿನ ಕೆಸರೆಲ್ಲ ಮುಳುಗಿ ಹಕ್ಕಿಗಳು ಉಳಿದ ಚೂರುಪಾರು ಒಣನೆಲದಲ್ಲಿ ಒತ್ತಾಗಿ ಕೂರುತ್ತವೆ, ಆಗ ಒಂದೇ ನೋಟಕ್ಕೆ ಸಿಗುವ ಹಕ್ಕಿ ಹೆಚ್ಚು. ಸಣ್ಣ ಉಬ್ಬರದ ದಿನ ಕೆಸರಿನ ಒಂದಿಷ್ಟು ಭಾಗ ಮುಳುಗುವುದೇ ಇಲ್ಲ, ಹಕ್ಕಿಗಳು ಚೆಲ್ಲಾಪಿಲ್ಲಿಯಾಗಿ ಮೇಯುತ್ತಲೇ ಇರುತ್ತವೆ. ನನ್ನ ಆಯ್ಕೆ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಬರುವ ವಾರಾಂತ್ಯ. ಎಲ್ಲ ದಡಕ್ಕೂ ಒಂದೇ ಪಟ್ಟಿ ಹೊಂದುವುದಿಲ್ಲ ಎನ್ನುವುದನ್ನು ಮರೆಯಬೇಡಿ. ಕೆಲವು ಕಡೆ ದಿನಕ್ಕೆ ಒಂದೇ ಉಬ್ಬರ. ಬಂದರಿನ ಪಟ್ಟಿಗೂ ಅಳಿವೆಯ ಒಳಗಿನ ನೀರಿಗೂ ಗಂಟೆಗಟ್ಟಲೆ ವ್ಯತ್ಯಾಸ ಇರಬಹುದು. ಅಲ್ಲಿ ಬಲೆ ಹಾಕುವವರನ್ನು, ಚಿಪ್ಪು ಆರಿಸುವವರನ್ನು ಕೇಳಿದರೆ ಪಟ್ಟಿಗಿಂತ ಸರಿಯಾದ ವೇಳೆ ಸಿಗುತ್ತದೆ.

ಉಬ್ಬರದಲ್ಲಿ ಹೋಗುವುದೋ, ಇಳಿತದಲ್ಲೋ?

ಎರಡೂ ಅಲ್ಲ, ನಡುವಿನ ಹೊತ್ತಿನಲ್ಲಿ. ಪೂರ್ತಿ ಇಳಿದಾಗ ಹಕ್ಕಿಗಳು ದೂರದ ನೀರಂಚಿನಲ್ಲಿ ಚುಕ್ಕಿಗಳಾಗಿ ಕಾಣುತ್ತವೆ. ಪೂರ್ತಿ ತುಂಬಿದಾಗ ತಲೆಯನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ಮಲಗಿರುತ್ತವೆ, ಕೊಕ್ಕೇ ಕಾಣದಿದ್ದರೆ ಗುರುತು ಹಿಡಿಯುವುದು ಕಷ್ಟ. ಉಬ್ಬರ ಮುಟ್ಟುವುದಕ್ಕೆ ಎರಡು ಮೂರು ಗಂಟೆ ಮೊದಲು ಹೋಗಿ ಕೂತುಬಿಡಿ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಎಂದುಕೊಂಡರೆ ನೀರು ಏರುವ ಎತ್ತರದಲ್ಲಿ ಅರ್ಧದಷ್ಟು ನಡುವಿನ ಎರಡು ಗಂಟೆಯಲ್ಲೇ ಏರುತ್ತದೆ. ಆ ಹೊತ್ತಿನಲ್ಲಿ ನೀರು ಹಕ್ಕಿಗಳನ್ನು ಹೆಜ್ಜೆ ಹೆಜ್ಜೆಯಾಗಿ ನಿಮ್ಮ ಕಡೆಗೇ ತಳ್ಳಿಕೊಂಡು ಬರುತ್ತದೆ. ನೀವು ಅವುಗಳ ಬಳಿ ಹೋಗುವುದಲ್ಲ, ಅವೇ ಬರುತ್ತವೆ. ಉಬ್ಬರ ಕಳೆದ ಮೇಲಿನ ಮೊದಲ ಒಂದೆರಡು ಗಂಟೆಯೂ ಚೆನ್ನ. ಉಬ್ಬರದ ಹೊತ್ತೆಲ್ಲ ಹಸಿದಿದ್ದ ಹಕ್ಕಿಗಳು ಮೊದಲು ತೆರೆದುಕೊಳ್ಳುವ ಕೆಸರಿಗೆ ಮುಗಿಬೀಳುತ್ತವೆ.

ಎರಡು ದಿನದಲ್ಲಿ ಎಷ್ಟು ಜಾಗ ನೋಡಬಹುದು?

ಎರಡು. ಬಹಳವೆಂದರೆ ಮೂರು. ಏಳೆಂಟು ಜಾಗದ ಪಟ್ಟಿ ಮಾಡಿ ಒಂದೊಂದರಲ್ಲಿ ಅರ್ಧ ಗಂಟೆ ಕಳೆಯುವ ತಿರುಗಾಟ ಕಡಲಂಚಿಗೆ ಸಲ್ಲದು. ಹೆಚ್ಚಿನ ಕಡೆ ನೀರು ಸರಿಯಾದ ಮಟ್ಟದಲ್ಲಿ ಇರುವುದಿಲ್ಲ. ನಾನು ಹೇಳುವುದು ಹೀಗೆ: ಉಬ್ಬರದ ಸುತ್ತಲಿನ ಐದಾರು ಗಂಟೆಗೆ ಒಂದು ಕೆಸರುಬಯಲು ಅಥವಾ ಅಳಿವೆ. ನೀರು ದೂರ ಸರಿದ ಹೊತ್ತಿಗೆ ಬೇರೆ ಬಗೆಯ ಜಾಗ, ಎಂದರೆ ಬಂಡೆಗಲ್ಲಿನ ದಡ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚು, ಉಪ್ಪಿನ ಗದ್ದೆ. ಉಪ್ಪಿನ ಗದ್ದೆಯಲ್ಲಿ ನೀರಿನ ಮಟ್ಟವನ್ನು ಮನುಷ್ಯರೇ ಹಿಡಿದಿಟ್ಟಿರುವುದರಿಂದ ಉಬ್ಬರದ ಹೊತ್ತಿನಲ್ಲೂ ಅಲ್ಲಿ ಹಕ್ಕಿಗಳಿಗೆ ಕಾಲೂರಲು ಜಾಗ ಇರುತ್ತದೆ. ಅದು ಯಾರದೋ ದುಡಿಮೆಯ ನೆಲ, ಒಳಗೆ ಕಾಲಿಡುವ ಮೊದಲು ಕೇಳಿಕೊಳ್ಳಿ.

ಬೆಳಕಿನ ಲೆಕ್ಕವೂ ಸೇರಬೇಕು. ಪಶ್ಚಿಮಕ್ಕೆ ಮುಖ ಮಾಡಿದ ದಡದಲ್ಲಿ ಬೆಳಗಿನ ಸೂರ್ಯ ನಿಮ್ಮ ಬೆನ್ನಿಗೆ ಬರುತ್ತಾನೆ, ಬಣ್ಣ ಚೆನ್ನಾಗಿ ಕಾಣುತ್ತದೆ. ಸಂಜೆ ಅದೇ ದಡದಲ್ಲಿ ಎಲ್ಲ ಹಕ್ಕಿಯೂ ಕಪ್ಪು ನೆರಳು. ಪೂರ್ವದ ದಡಕ್ಕೆ ಇದು ಪೂರ್ತಿ ತಿರುವುಮುರುವು.

ಎಷ್ಟು ಜನ ಹೋದರೆ ಚೆನ್ನ?

ನಾಲ್ಕು ಜನ ಹದ. ಟ್ರೈಪಾಡಿನ ಮೇಲಿಟ್ಟು ಒಂದೇ ಕಣ್ಣಿನಲ್ಲಿ ನೋಡುವ ದೂರದರ್ಶಕ, ಅಂದರೆ ಸ್ಕೋಪ್, ಒಂದೇ ಇದ್ದರೂ ಎಲ್ಲರಿಗೂ ಸರದಿ ಬೇಗ ಬರುತ್ತದೆ, ನಾಲ್ಕು ಜೊತೆ ಕಣ್ಣು ನಾಲ್ಕು ದಿಕ್ಕಿಗೆ. ಎಂಟು ಹತ್ತು ಜನವಾದರೆ ಎರಡು ಗುಂಪಾಗಿ ಬೇರೆ ಬೇರೆ ಮೂಲೆಯಲ್ಲಿ ಕೂರಿ. ತೆರೆದ ಬಯಲಿನಲ್ಲಿ ಸಾಲಾಗಿ ನಿಂತ ಹತ್ತು ಜನ ಹಕ್ಕಿಗಳಿಗೆ ಬಲು ದೂರದಿಂದಲೇ ಕಾಣುತ್ತಾರೆ.

ಕೆಲಸ ಹಂಚಿಕೊಂಡರೆ ದಿನ ಸಲೀಸಾಗಿ ಸಾಗುತ್ತದೆ. ಒಬ್ಬರು ಪಟ್ಟಿ ಬರೆಯಲಿ, ಒಬ್ಬರು ಎಣಿಸಲಿ, ಒಬ್ಬರು ನೀರಿನ ಮೇಲೂ ಗಡಿಯಾರದ ಮೇಲೂ ಕಣ್ಣಿಟ್ಟಿರಲಿ. ಹಕ್ಕಿ ಎಲ್ಲಿದೆ ಎಂದು ತೋರಿಸುವುದಕ್ಕೆ ಒಂದು ಪದ್ಧತಿ ಮಾಡಿಕೊಳ್ಳಿ. "ಅದೋ ಅಲ್ಲಿ" ಎಂದರೆ ಬಯಲಿನಲ್ಲಿ ಯಾರಿಗೂ ಗೊತ್ತಾಗದು. "ಕೆಂಪು ದೋಣಿಯಿಂದ ಎಡಕ್ಕೆ, ಎರಡನೆಯ ಕಂಬದ ಈಚೆ, ನೀರಂಚಿನಲ್ಲಿ" ಎಂದರೆ ಎಲ್ಲರ ದುರ್ಬೀನೂ ಅಲ್ಲಿಗೇ ತಿರುಗುತ್ತದೆ. ಹೊಸಬರಿಗೆ ಹೆಸರು ತಟ್ಟನೆ ಹೇಳಿಬಿಡಬೇಡಿ. "ಏನು ಕಾಣ್ತಿದೆ ಹೇಳು" ಎಂದು ಕೇಳಿ. ತಾನೇ ಕೊಕ್ಕು, ಕಾಲು, ನಡಿಗೆ ನೋಡಿ ಕಂಡುಕೊಂಡ ಹಕ್ಕಿಯನ್ನು ಯಾರೂ ಮರೆಯುವುದಿಲ್ಲ.

ಎಂಥ ದುರ್ಬೀನು ಬೇಕು? ಸ್ಕೋಪ್ ಇಲ್ಲದೆ ಆಗದೇ?

8×42 ಅಥವಾ 10×42. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎನ್ನುವುದು, ಎರಡನೆಯದು ಮುಂದಿನ ಮಸೂರದ ಅಗಲ ಮಿಲಿಮೀಟರಿನಲ್ಲಿ. ಕಾಡಿನಲ್ಲಿ 8 ಸಾಕು ಎನ್ನುವವರೂ ತೆರೆದ ದಡದಲ್ಲಿ 10 ಇಷ್ಟಪಡುತ್ತಾರೆ. ಕೈ ನಡುಗುವವರಿಗೆ, ಗಾಳಿ ಬೀಸುವ ದಿನಕ್ಕೆ 8 ಮೇಲು.

ಸ್ಕೋಪ್ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ: ಕಾಡಿಗೆ ಬೇಡ, ಕಡಲಂಚಿಗೆ ಬೇಕು. ಗುಂಪಿಗೆ ಒಂದಾದರೂ ಇರಲಿ. 20ರಿಂದ 60 ಪಟ್ಟು ಹಿಗ್ಗಿಸುವ ಸ್ಕೋಪ್ ಇದ್ದರೆ ಹಕ್ಕಿಯನ್ನು ಎಬ್ಬಿಸದೆ ದೂರದಲ್ಲೇ ಕೂತು ಅದರ ಕಾಲಿನ ಬಣ್ಣ ನೋಡಬಹುದು. ಆದರೆ 60ಕ್ಕೆ ಏರಿಸುವ ಆತುರ ಬೇಡ. ಬಿಸಿಲೇರಿದ ಮೇಲೆ ಮರಳಿನಿಂದ ಏಳುವ ಝಳಕ್ಕೆ ನೋಟ ಕದಡುತ್ತದೆ, ಎಷ್ಟು ಹಿಗ್ಗಿಸಿದರೆ ಅಷ್ಟೂ ಕದಡು. 25-30ರಲ್ಲೇ ಹೆಚ್ಚು ಕಾಣುತ್ತದೆ. ಗಾಳಿಯಲ್ಲಿ ಟ್ರೈಪಾಡಿನ ಕಾಲು ಪೂರ್ತಿ ಚಾಚದೆ ಗಿಡ್ಡಗೆ ನಿಲ್ಲಿಸಿ, ನೀವೂ ಕೆಳಗೆ ಕೂತುಕೊಳ್ಳಿ. ಕೂತವರನ್ನು ಹಕ್ಕಿಗಳೂ ಬೇಗ ಒಪ್ಪಿಕೊಳ್ಳುತ್ತವೆ.

ಎಲ್ಲವೂ ಬೂದು ಬಣ್ಣದ ಸಣ್ಣ ಹಕ್ಕಿಗಳೇ! ಗುರುತು ಹಿಡಿಯುವುದು ಹೇಗೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಮರಿ ಮಾಡುವ ಕಾಲದ ಇಟ್ಟಿಗೆಗೆಂಪು, ಕರಿಹೊಟ್ಟೆ, ಕಂದು ಕಸೂತಿಯೆಲ್ಲ ಕಳಚಿ ಚಳಿಗಾಲದಲ್ಲಿ ಬಹುತೇಕ ದಡದ ಹಕ್ಕಿಗಳು ಮೇಲೆ ಬೂದು, ಕೆಳಗೆ ಬಿಳಿ ಆಗಿರುತ್ತವೆ. ಆದ್ದರಿಂದ ಬಣ್ಣವನ್ನು ಕೊನೆಗೆ ನೋಡಿ, ಮೊದಲು ನಡವಳಿಕೆ ನೋಡಿ.

ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ನೆಲ ದಿಟ್ಟಿಸುತ್ತದೆ, ಒಮ್ಮೆ ಕುಕ್ಕುತ್ತದೆ, ಮತ್ತೆ ಓಡುತ್ತದೆ. ಹೀಗೆ ಮಾಡುವುದು ಪ್ಲೋವರ್. ಅದರ ಕಣ್ಣು ದೊಡ್ಡದು, ಕೊಕ್ಕು ಗಿಡ್ಡ, ಬೇಟೆ ಕಣ್ಣಿನಿಂದ. ನಿಲ್ಲದೆ ನಡೆಯುತ್ತ ಹೊಲಿಗೆಯಂತ್ರದ ಸೂಜಿಯ ಹಾಗೆ ಕೊಕ್ಕನ್ನು ಕೆಸರಿಗೆ ಊರಿ ಎತ್ತುತ್ತಿದ್ದರೆ ಅದು ಸ್ಯಾಂಡ್‌ಪೈಪರ್ ಬಳಗ. ಇವುಗಳ ಬೇಟೆ ಸ್ಪರ್ಶದಿಂದ. ಕೊಕ್ಕಿನ ತುದಿಯ ಮೂಳೆಯ ಗುಳಿಗಳಲ್ಲಿ ಒತ್ತಡ ಅರಿಯುವ ನರತುದಿಗಳು ತುಂಬಿವೆ. ರೆಡ್ ನಾಟ್ ಎಂಬ ಹಕ್ಕಿ ಒದ್ದೆ ಮರಳಿಗೆ ಕೊಕ್ಕು ಚುಚ್ಚಿದಾಗ ನೀರಿನಲ್ಲಿ ಏಳುವ ಒತ್ತಡ ಹುದುಗಿದ ಚಿಪ್ಪಿನ ಸುತ್ತ ಬದಲಾಗುತ್ತದೆ. ಆ ವ್ಯತ್ಯಾಸದಿಂದಲೇ ಮುಟ್ಟದೆಯೂ ಚಿಪ್ಪು ಎಲ್ಲಿದೆ ಎಂದು ಅದಕ್ಕೆ ತಿಳಿಯುತ್ತದೆ. ಚಿಪ್ಪನ್ನು ಇಡಿಯಾಗಿ ನುಂಗಿ ಹೊಟ್ಟೆಯಲ್ಲೇ ಪುಡಿ ಮಾಡುತ್ತದೆ.

ಇನ್ನು ಕೊಕ್ಕಿನ ಉದ್ದವನ್ನು ತಲೆಯ ಉದ್ದಕ್ಕೆ ಹೋಲಿಸಿ. ಬಾಗಿದ್ದರೆ ಎತ್ತ ಬಾಗಿದೆ ನೋಡಿ. ಕೆಳಕ್ಕೆ ಬಾಗಿದ ಭಾರಿ ಉದ್ದದ ಕೊಕ್ಕು ಕರ್ಲ್ಯೂ. ಅದಕ್ಕಿಂತ ಗಿಡ್ಡ ಕೊಕ್ಕು, ನೆತ್ತಿಯ ಮೇಲೆ ಕಪ್ಪು ಪಟ್ಟೆ ಇದ್ದರೆ ವಿಂಬ್ರೆಲ್. ನೇರ ಅಥವಾ ತುಸು ಮೇಲಕ್ಕೆ ಬಾಗಿದ ಉದ್ದ ಕೊಕ್ಕು ಗಾಡ್ವಿಟ್. ಗಿಡ್ಡ ಹಳದಿ ಕಾಲು, ಎದ್ದು ಕಾಣುವಂತೆ ಮೇಲಕ್ಕೆ ಬಾಗಿದ ಕೊಕ್ಕು, ಸದಾ ಆತುರ ಇದ್ದರೆ ಟೆರೆಕ್ ಸ್ಯಾಂಡ್‌ಪೈಪರ್. ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ, ಅಲೆ ಬಂದಾಗ ಮುಂದೆ ಮುಂದೆ ಓಡುವ ಬಿಳಿಚು ಹಕ್ಕಿ ಸ್ಯಾಂಡರ್ಲಿಂಗ್. ಅದರ ಬಳಗದ ಬೇರೆ ಹಕ್ಕಿಗಳಿಗೆ ಇರುವ ಹಿಂಬೆರಳು ಅದಕ್ಕಿಲ್ಲ. ಬಂಡೆಯ ಮೇಲೆ ಪಾಚಿ, ಕಲ್ಲು ಮಗುಚುತ್ತಿದ್ದರೆ ಟರ್ನ್‌ಸ್ಟೋನ್.

ಹಾರಿದಾಗ ಒಂದೆರಡು ಕ್ಷಣ ಮಾತ್ರ ಕಾಣುವ ಗುರುತುಗಳೂ ಗಟ್ಟಿ. ರೆಡ್‌ಶಾಂಕಿನ ರೆಕ್ಕೆಯ ಹಿಂಬದಿ ಅಂಚಿಗೆ ಅಗಲ ಬಿಳಿ. ಗ್ರೀನ್‌ಶಾಂಕಿನ ರೆಕ್ಕೆ ಬರೀ ಕಪ್ಪುಬೂದು, ಬೆನ್ನಿನ ಮೇಲೆ ಮಾತ್ರ ಬಿಳಿಯ ಮೊನೆ. ಬ್ಲ್ಯಾಕ್-ಟೇಲ್ಡ್ ಗಾಡ್ವಿಟ್‌ಗೆ ರೆಕ್ಕೆಯುದ್ದಕ್ಕೂ ಬಿಳಿ ಪಟ್ಟೆ, ಬಾರ್-ಟೇಲ್ಡ್‌ಗೆ ಅದಿಲ್ಲ. ಗ್ರೇ ಪ್ಲೋವರ್ ರೆಕ್ಕೆ ಎತ್ತಿದರೆ ಕಂಕುಳಲ್ಲಿ ಕಪ್ಪು ಮಚ್ಚೆ, ದಡದಲ್ಲಿ ಇಷ್ಟು ಖಚಿತವಾದ ಗುರುತು ಬೇರೊಂದಿಲ್ಲ. ಇದಕ್ಕಾಗಿ ಹಕ್ಕಿಯನ್ನು ಎಬ್ಬಿಸುವುದು ಮಾತ್ರ ಕೂಡದು. ಅದು ತಾನಾಗಿ ಮೈ ಮುರಿದು ರೆಕ್ಕೆ ಚಾಚುವವರೆಗೆ ಕಾಯಿರಿ, ಚಾಚಿಯೇ ಚಾಚುತ್ತದೆ.

ಮೊದಲ ಸಲ ಹೋಗುವವರು ಐದಾರು ಜಾತಿಯನ್ನು ಚೆನ್ನಾಗಿ ನೋಡಿ ಬಂದರೆ ಸಾಕು. ಆ ದಡದಲ್ಲಿ ಅತಿ ಸಾಮಾನ್ಯವಾದ ಒಂದು ಹಕ್ಕಿಯನ್ನು ಆರಿಸಿಕೊಂಡು ಅರ್ಧ ಗಂಟೆ ಬರೀ ಅದನ್ನೇ ನೋಡಿ. ಆಮೇಲೆ ಉಳಿದದ್ದನ್ನೆಲ್ಲ ಅದರ ಪಕ್ಕಕ್ಕೆ ಇಟ್ಟು ಅಳೆಯಬಹುದು.

ಗಲ್, ಟರ್ನ್‌ಗಳ ಗುರುತು?

ಟರ್ನ್ ತೆಳು ಮೈಯದು, ರೆಕ್ಕೆ ಮೊನಚು, ಕೊಕ್ಕನ್ನು ಕೆಳಕ್ಕೆ ಮಾಡಿ ಹಾರುತ್ತ ನೀರಿಗೆ ಧುಮುಕುತ್ತದೆ. ಗಲ್ ದಪ್ಪ, ರೆಕ್ಕೆ ಅಗಲ, ನೀರಿನ ಮೇಲೆ ತೇಲುತ್ತ ಕೂರುವುದು ಅದಕ್ಕೆ ಸಲೀಸು. ಟರ್ನ್‌ಗಳಲ್ಲಿ ಕೊಕ್ಕು ನೋಡಿ: ಕ್ಯಾಸ್ಪಿಯನ್ ಟರ್ನಿನದು ದಪ್ಪ ಕೆಂಪು, ಸ್ಯಾಂಡ್‌ವಿಚ್ ಟರ್ನಿನದು ಕಪ್ಪು, ತುದಿ ಮಾತ್ರ ಹಳದಿ. ಗಲ್‌ಗಳಲ್ಲಿ ತೊಡಕು ವಯಸ್ಸಿನದು. ಸಣ್ಣ ಜಾತಿಗಳು ಎರಡನೆಯ ವರ್ಷಕ್ಕೆ ದೊಡ್ಡವರ ಗರಿ ತೊಟ್ಟರೆ, ದೊಡ್ಡ ಜಾತಿಗಳಿಗೆ ನಾಲ್ಕು ವರ್ಷ ಬೇಕು. ನಡುವಿನ ಕಂದು ಚುಕ್ಕೆಯ ವೇಷಗಳ ಹಿಂದೆ ಬಿದ್ದು ಮೊದಲ ವಾರಾಂತ್ಯವನ್ನು ಕಳೆಯಬೇಡಿ.

ಎಷ್ಟು ಹತ್ತಿರ ಹೋಗಬಹುದು?

ಮೀಟರ್ ಲೆಕ್ಕ ಕೇಳುತ್ತಾರೆ, ನಾನು ಕೊಡುವುದಿಲ್ಲ. ಜಾತಿಯಿಂದ ಜಾತಿಗೆ, ದಡದಿಂದ ದಡಕ್ಕೆ ಅದು ಬೇರೆ. ಕರ್ಲ್ಯೂ ಬಹಳ ದೂರದಿಂದಲೇ ಏಳುತ್ತದೆ, ಟರ್ನ್‌ಸ್ಟೋನ್ ಕಾಲಬಳಿಯೇ ಓಡಾಡುತ್ತದೆ. ಹಕ್ಕಿಯೇ ಹೇಳುತ್ತದೆ, ಅದನ್ನು ಕೇಳಿ. ಮೇಯುವುದು ನಿಲ್ಲಿಸಿ ಕತ್ತು ಎತ್ತಿದರೆ ನಿಮ್ಮನ್ನು ಗಮನಿಸಿದೆ ಎಂದರ್ಥ, ಅಲ್ಲೇ ನಿಲ್ಲಿ. ಗುಂಪೆಲ್ಲ ಒಂದೇ ದಿಕ್ಕಿಗೆ ನಡೆಯತೊಡಗಿದರೆ, ತಲೆ ಮೇಲೆ ಕೆಳಗೆ ಆಡಿಸಿದರೆ, ಎಚ್ಚರಿಕೆಯ ಕೂಗು ಹಾಕಿದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ. ಮೆಲ್ಲಗೆ ಹಿಂದೆ ಸರಿಯಿರಿ. ಅವು ಹಾರುವವರೆಗೆ ಕಾದು ನೋಡುವುದಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಚಳಿಗಾಲದ ಹಗಲು ಗಿಡ್ಡ, ತಣ್ಣನೆಯ ಕೆಸರಿನಲ್ಲಿ ಹುಳುಗಳು ಆಳಕ್ಕೆ ಇಳಿದಿರುತ್ತವೆ, ಕೆಸರು ತೆರೆದಿರುವುದೋ ಕೆಲವೇ ಗಂಟೆ. ಆದ್ದರಿಂದ ದಡದ ಹಕ್ಕಿಗಳು ರಾತ್ರಿ ಇಳಿತದಲ್ಲೂ ಮೇಯುತ್ತವೆ. ಉಬ್ಬರದ ಹೊತ್ತಿನ ನಿದ್ದೆಯೇ ಅವುಗಳ ವಿಶ್ರಾಂತಿ, ಗಳಿಸಿದ ಕೊಬ್ಬನ್ನು ಉಳಿಸಿಕೊಳ್ಳುವ ಹೊತ್ತು. ಒಂದು ಕಾಲನ್ನು ಗರಿಯೊಳಗೆ ಎಳೆದುಕೊಂಡು, ಕೊಕ್ಕನ್ನು ಬೆನ್ನಲ್ಲಿ ಹುದುಗಿಸಿ, ಗಾಳಿಗೆ ಮುಖ ಮಾಡಿ ನಿಲ್ಲುವುದೂ ಮೈಯ ಬಿಸಿ ಉಳಿಸುವುದಕ್ಕೇ. ಆ ಗುಂಪನ್ನು ಎಬ್ಬಿಸಿದರೆ ತುಂಬಿದ ನೀರಿನ ಮೇಲೆ ಇಳಿಯಲು ಜಾಗವಿಲ್ಲದೆ ಸುತ್ತುತ್ತವೆ, ಮತ್ತೆ ಮೇಯುವವರೆಗೆ ಆ ಖರ್ಚು ತುಂಬುವ ದಾರಿಯೇ ಇಲ್ಲ. ಸಾವಿರ ಹಕ್ಕಿ ಒಟ್ಟಿಗೆ ಏಳುವ ವಿಡಿಯೊಗಾಗಿ ಗುಂಪಿನತ್ತ ಓಡುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ನಾಯಿ ಜೊತೆಗಿದ್ದರೆ ಹಗ್ಗ ಬಿಚ್ಚಬೇಡಿ. ಡ್ರೋನ್ ಬೇಡವೇ ಬೇಡ.

ಹತ್ತಿರದಿಂದ ನೋಡಲು ಒಂದು ಒಳ್ಳೆಯ ದಾರಿ ಕಾರು. ದಡದ ಪಕ್ಕ ರಸ್ತೆಯಿದ್ದರೆ ಒಳಗೇ ಕೂತು ಕಿಟಕಿಯಿಂದ ನೋಡಿ. ಕಾರಿಗೆ ಹೆದರದ ಹಕ್ಕಿ ಅದೇ ಕಾರಿನಿಂದ ಇಳಿದ ಮನುಷ್ಯನಿಗೆ ಹೆದರುತ್ತದೆ.

ಫೋಟೊ ತೆಗೆಯುವವರೂ ಬರೀ ನೋಡುವವರೂ ಒಟ್ಟಿಗೆ ಹೋಗಬಹುದೇ?

ಹೋಗಬಹುದು, ಮೊದಲೇ ಮಾತಾಡಿಕೊಂಡರೆ. ಗುಂಪಿನ ಎಲ್ಲರೂ ಸ್ಕೋಪಿನಲ್ಲಿ ನೋಡಿ ಆಗುವವರೆಗೆ ಕ್ಯಾಮೆರಾದವರು ಮುಂದೆ ಹೋಗಬಾರದು. ಫೋಟೊ ಬೇಕಾದವರು ಹಕ್ಕಿಗಳು ಬರುವ ಮೊದಲೇ ನೀರು ಬಂದು ನಿಲ್ಲುವ ಗೆರೆಯಿಂದ ದೂರಕ್ಕೆ, ನೆಲಕ್ಕೆ ಒರಗಿ ಮಲಗಿ ಕಾಯಲಿ. ಕಣ್ಣಿನ ಮಟ್ಟದ ಚಿತ್ರವೂ ಸಿಗುತ್ತದೆ, ಹಕ್ಕಿಯೂ ಬೆದರದು. ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯುವುದನ್ನು ಮಾಡಬೇಡಿ.

ಕೆಸರಿಗೆ ಇಳಿದು ನಡೆಯಬಹುದೇ?

ಬೇಡ. ಗಟ್ಟಿಯಾಗಿ ಕಾಣುವ ಕೆಸರು ನಾಲ್ಕು ಹೆಜ್ಜೆಗೆ ಮೊಣಕಾಲು ಮುಟ್ಟಬಹುದು. ಅದಕ್ಕಿಂತ ದೊಡ್ಡ ಅಪಾಯ ನೀರು ಹಿಂದಿನಿಂದ ಬರುವುದು. ಬಯಲು ಸಮತಟ್ಟಾಗಿ ಕಂಡರೂ ನಡುವೆ ಕಾಲುವೆಗಳಿರುತ್ತವೆ, ಉಬ್ಬರ ಮೊದಲು ತುಂಬುವುದು ಅವುಗಳನ್ನು. ಮುಂದೆ ಒಣಗಿರುವಂತೆ ಕಾಣುವಾಗಲೇ ದಡಕ್ಕೆ ಮರಳುವ ದಾರಿ ಮುಚ್ಚಿರುತ್ತದೆ. ಮರಳದಿಬ್ಬಗಳಿಗೂ ಇದೇ ಮಾತು.

ಯಾರಾದರೂ ಸಿಕ್ಕಿಕೊಂಡರೆ ಎಳೆದಾಡಬಾರದು. ಸಿಕ್ಕಿಕೊಂಡವರು ಹಿಂದಕ್ಕೆ ಒರಗಿ ಮೈಭಾರವನ್ನು ಅಗಲಕ್ಕೆ ಹರಡಿಕೊಳ್ಳಲಿ, ಒಂದೊಂದೇ ಕಾಲನ್ನು ಮೆಲ್ಲಗೆ ಅಲುಗಿಸಿ ಸಡಿಲ ಮಾಡಿಕೊಳ್ಳಲಿ. ಉಳಿದವರು ಗಟ್ಟಿ ನೆಲದಲ್ಲೇ ನಿಂತು ತಡಮಾಡದೆ ತುರ್ತು ಸಹಾಯಕ್ಕೆ ಕರೆ ಮಾಡಿ. ನೀರು ಬರುತ್ತಿರುವ ಹೊತ್ತಿನಲ್ಲಿ ಸಂಕೋಚಕ್ಕೆ ಜಾಗವಿಲ್ಲ.

ಗಾಳಿ, ಮೋಡ ಇದ್ದರೆ ಹೊರಡುವುದೇ?

ಮೋಡಕ್ಕೆ ಹೆದರಬೇಡಿ, ಝಳವಿಲ್ಲದ ಸಮ ಬೆಳಕಿನಲ್ಲಿ ಸ್ಕೋಪಿನ ನೋಟ ಇನ್ನೂ ಚೆನ್ನ. ಒಂದೆರಡು ದಿನದಿಂದ ಕಡಲಿನ ಕಡೆಯಿಂದ ದಡಕ್ಕೆ ಬಿರುಸಾಗಿ ಗಾಳಿ ಬೀಸುತ್ತಿದ್ದರೆ ಅಪರೂಪಕ್ಕೆ ಕಾಣುವ ಸ್ಕುವಾ, ಶಿಯರ್‌ವಾಟರ್‌ನಂಥ ನಡುಗಡಲಿನ ಹಕ್ಕಿಗಳು ದಡಕ್ಕೆ ಹತ್ತಿರ ತೂರಿ ಬರಬಹುದು. ಚಾಚಿಕೊಂಡ ಎತ್ತರದ ಭೂಶಿರ ಇದಕ್ಕೆ ಸರಿಯಾದ ಜಾಗ. ಬಂಡೆಯಂಚಿನಿಂದ ಹಿಂದೆಯೇ ಕೂರಬೇಕು. ಗುಡುಗು ಸಿಡಿಲಿನ ಮುನ್ಸೂಚನೆ ಇದ್ದರೆ ತೆರೆದ ಬಯಲಿನಲ್ಲಿ ಲೋಹದ ಟ್ರೈಪಾಡ್ ಹಿಡಿದು ನಿಲ್ಲುವ ಮಾತೇ ಇಲ್ಲ.

ಹಕ್ಕಿಯ ಕಾಲಿಗೆ ಬಣ್ಣದ ಪಟ್ಟಿ ಕಂಡಿತು. ಏನದು?

ಸಂಶೋಧಕರು ಹಿಡಿದು ಬಿಟ್ಟ ಹಕ್ಕಿ. ಇದು ಸಿಕ್ಕಿದ ದಿನ ನಮ್ಮ ಗುಂಪಿನಲ್ಲಿ ಬೇರೆ ಮಾತೇ ಇರುವುದಿಲ್ಲ. ಬಣ್ಣಗಳು ಹಕ್ಕಿಗೆ ಎಲ್ಲಿ ಪಟ್ಟಿ ಹಾಕಿದರು ಎಂದು ತಿಳಿಸುತ್ತವೆ. ಪೂರ್ವ ಏಷ್ಯಾ-ಆಸ್ಟ್ರಲೇಸಿಯಾ ವಲಸೆಪಥದಲ್ಲಿ ಹಳದಿ ಎಂದರೆ ಆಸ್ಟ್ರೇಲಿಯಾದ ವಾಯವ್ಯ ದಡ, ಕಿತ್ತಳೆ ಎಂದರೆ ಅದೇ ದೇಶದ ವಿಕ್ಟೋರಿಯಾ ರಾಜ್ಯ. ಕೆಲವು ಪಟ್ಟಿಗಳ ಮೇಲೆ ಅಕ್ಷರ, ಅಂಕಿಯೂ ಇರುತ್ತದೆ, ಅದನ್ನು ಓದಿದರೆ ಯಾವ ಹಕ್ಕಿ ಎಂದೇ ಗೊತ್ತಾಗುತ್ತದೆ.

ಬರೆದುಕೊಳ್ಳಬೇಕಾದದ್ದು: ಜಾತಿ, ದಿನಾಂಕ, ಜಾಗ, ಪಟ್ಟಿ ಯಾವ ಕಾಲಿಗೆ, ಮೊಣಕೀಲಿನ ಮೇಲೋ ಕೆಳಗೋ, ಮೇಲಿನಿಂದ ಕೆಳಕ್ಕೆ ಯಾವ ಯಾವ ಬಣ್ಣ, ಲೋಹದ ಬಳೆ ಎಲ್ಲಿ. ಎಡ ಬಲ ಎಂದರೆ ಹಕ್ಕಿಯ ಎಡ ಬಲ, ನಮ್ಮದಲ್ಲ. ಮಸುಕಾದರೂ ಒಂದು ಫೋಟೊ ಇರಲಿ. ಅನುಮಾನವಿರುವ ಬಣ್ಣವನ್ನು ಅನುಮಾನ ಎಂದೇ ಬರೆಯಿರಿ. ಅದನ್ನು ಪಟ್ಟಿ ಹಾಕುವ ಸಂಸ್ಥೆಗೆ ಕಳುಹಿಸಿದರೆ ಆ ಹಕ್ಕಿಯ ಜಾತಕವೇ ಮರಳಿ ಬರಬಹುದು.

ಸಾವಿರಾರು ಹಕ್ಕಿಗಳನ್ನು ಎಣಿಸುವುದು ಹೇಗೆ?

ಒಂದು ಅಂಚಿನಿಂದ ಹತ್ತನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ತುಂಬಿದೆ ಎಂದು ಕಣ್ಣಿಗೆ ಹಿಡಿಸಿಕೊಳ್ಳಿ. ಅದೇ ಅಳತೆಯಲ್ಲಿ ನೂರರ ತುಂಡು ಮಾಡಿ, ಆ ನೂರರ ತುಂಡುಗಳನ್ನು ಗುಂಪಿನುದ್ದಕ್ಕೂ ಇಡುತ್ತ ಹೋಗಿ. ಗುಂಪಿನ ನಡುಭಾಗ ಅಂಚಿಗಿಂತ ಒತ್ತಾಗಿರುತ್ತದೆ, ಅದನ್ನು ಗಮನದಲ್ಲಿಡಿ. ಇಬ್ಬರು ಬೇರೆ ಬೇರೆ ಎಣಿಸಿ, ಮುಗಿಯುವವರೆಗೆ ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳಬಾರದು. ಫೋಟೊ ತೆಗೆದು ಆಮೇಲೆ ಚುಕ್ಕಿ ಇಟ್ಟು ಎಣಿಸಿ ತಾಳೆ ನೋಡಿದರೆ ಮುಂದಿನ ಸಲಕ್ಕೆ ಕಣ್ಣು ಪಳಗುತ್ತದೆ.

ಎಣಿಸುವ ಹುಚ್ಚು ಹಿಡಿದವರು ಜನವರಿಯಲ್ಲಿ ನಡೆಯುವ ನೀರಹಕ್ಕಿ ಗಣತಿಗೆ ಸೇರಿಕೊಳ್ಳಿ. ಅಂತರರಾಷ್ಟ್ರೀಯ ಗಣತಿ 1967ರಿಂದ, ಏಷ್ಯಾದ ಗಣತಿ 1987ರಿಂದ ನಡೆದುಕೊಂಡು ಬಂದಿದೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ನಮ್ಮ ನಿಮ್ಮಂಥ ಹವ್ಯಾಸಿಗಳು.

ಗೆಳೆಯರಲ್ಲಿ ಒಬ್ಬರಿಗೆ ಹಕ್ಕಿಯಲ್ಲಿ ಆಸಕ್ತಿಯೇ ಇಲ್ಲ. ಕರೆದುಕೊಂಡು ಹೋಗುವುದೇ? ಮಕ್ಕಳು?

ಖಂಡಿತ ಕರೆದುಕೊಂಡು ಹೋಗಿ. ಅವರಿಗೆ ಬೂದು ಹಕ್ಕಿಗಳ ವ್ಯತ್ಯಾಸ ಹೇಳಲು ಹೋಗಬೇಡಿ. ಅಲೆಯಂಚಿನ ಸ್ಯಾಂಡರ್ಲಿಂಗ್, ಧುಮುಕುವ ಟರ್ನ್, ಮೀನು ಹಿಡಿದು ಹಾರುವ ಆಸ್ಪ್ರೆ, ಏಡಿಗಳ ಓಡಾಟ ಇವನ್ನು ತೋರಿಸಿ. ಮಕ್ಕಳಿಗೆ ಸ್ಕೋಪನ್ನು ಅವರ ಎತ್ತರಕ್ಕೆ ಇಳಿಸಿ ಕೊಡಿ. ಎರಡು ಗಂಟೆಗಿಂತ ಹೆಚ್ಚು ಒಂದೆಡೆ ಕೂರಿಸಬೇಡಿ, ಬೆಚ್ಚನೆಯ ಒಂದು ಬಟ್ಟೆ ಹೆಚ್ಚಿಗೆ ಇರಲಿ. ಬೀಸುಗಾಳಿಯಲ್ಲಿ ಸುಮ್ಮನೆ ಕೂತಾಗ ಚಳಿ ನಡೆಯುವಾಗಿನದಕ್ಕಿಂತ ಹೆಚ್ಚು ಕಚ್ಚುತ್ತದೆ.

ಸತ್ತ ಅಥವಾ ಗಾಯಗೊಂಡ ಹಕ್ಕಿ ಸಿಕ್ಕರೆ?

ಮುಟ್ಟಬೇಡಿ. ಎಚ್5ಎನ್1 ಹಕ್ಕಿಜ್ವರ 2021ರಿಂದೀಚೆಗೆ ಹಲವು ಖಂಡಗಳಲ್ಲಿ ಕಡಲ ಹಕ್ಕಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡಿದೆ. ದೂರದಿಂದ ಫೋಟೊ ತೆಗೆದು, ಕಾಲಿನಲ್ಲಿ ಬಳೆ ಇದೆಯೇ ನೋಡಿ, ಜಾಗ ಗುರುತು ಮಾಡಿಕೊಂಡು ಆ ಊರಿನ ಅರಣ್ಯ ಅಥವಾ ಪಶುವೈದ್ಯ ಇಲಾಖೆಗೆ ತಿಳಿಸಿ. ಒಂದೇ ಕಡೆ ಹಲವು ಸತ್ತಿದ್ದರೆ ಅದೇ ದಿನ ತಿಳಿಸಬೇಕು. ಬಲೆಯ ಚೂರಿಗೆ ಸಿಕ್ಕಿಕೊಂಡ ಹಕ್ಕಿಯನ್ನೂ ಬರಿಗೈಯಲ್ಲಿ ಬಿಡಿಸಲು ಹೋಗದೆ ಬಲ್ಲವರನ್ನು ಕರೆಯಿರಿ.

ದುರ್ಬೀನು, ಟ್ರೈಪಾಡಿಗೆ ಉಪ್ಪು, ಮರಳು ಹಿಡಿದಿದೆ. ಹೇಗೆ ತೆಗೆಯುವುದು?

ಒಣಬಟ್ಟೆಯಲ್ಲಿ ಉಜ್ಜಬೇಡಿ, ಮರಳಿನ ಕಣ ಮಸೂರವನ್ನು ಗೀರುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ಊದಿ, ಮೆತ್ತನೆಯ ಬ್ರಷ್ ಆಡಿಸಿ, ಆಮೇಲೆ ಸಿಹಿನೀರಿನಲ್ಲಿ ಒದ್ದೆ ಮಾಡಿದ ಮಸೂರದ ಬಟ್ಟೆಯಿಂದ ಒರೆಸಿ. ಟ್ರೈಪಾಡಿನ ಕಾಲುಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಇದನ್ನು ಮನೆಗೆ ಬಂದ ರಾತ್ರಿಯೇ ಮಾಡಬೇಕು.

ನೋಡಿದ ಹಕ್ಕಿಗಳ ಪಟ್ಟಿಯನ್ನು ಏನು ಮಾಡುವುದು?

ಇಬರ್ಡ್‌ಗೆ ಸೇರಿಸಿ. 2002ರಲ್ಲಿ ಶುರುವಾದ ಈ ಜಾಲತಾಣಕ್ಕೆ ಇಂದು ಜಗತ್ತಿನ ಮೂಲೆ ಮೂಲೆಯಿಂದ ಪಟ್ಟಿಗಳು ಬರುತ್ತವೆ. ಗುಂಪಿನಲ್ಲಿ ಒಬ್ಬರು ಬರೆದು ಉಳಿದವರೊಂದಿಗೆ ಹಂಚಿಕೊಂಡರೆ ಸಾಕು, ಒಂದೇ ಹಕ್ಕಿಗಳು ನಾಲ್ಕು ಸಲ ಲೆಕ್ಕಕ್ಕೆ ಬರುವುದಿಲ್ಲ.

ಸಾಮಾನ್ಯ ಹಕ್ಕಿಗಳನ್ನು ಬಿಡಬೇಡಿ. "ಅಲ್ಲಿ ಬೇಕಾದಷ್ಟಿವೆ, ಏನು ಬರೆಯುವುದು" ಎನ್ನುವ ಮಾತು ಒಂದು ಕಾಲದಲ್ಲಿ ಸ್ಲೆಂಡರ್-ಬಿಲ್ಡ್ ಕರ್ಲ್ಯೂಗೂ ಸಲ್ಲುತ್ತಿತ್ತು. ಸೈಬೀರಿಯಾದ ಕಡೆಯಿಂದ ಮೆಡಿಟರೇನಿಯನ್ ದಡಕ್ಕೆ ಚಳಿಗಾಲ ಕಳೆಯಲು ಬರುತ್ತಿದ್ದ ಆ ಹಕ್ಕಿ ಕೊನೆಯ ಬಾರಿ ಖಚಿತವಾಗಿ ಕಂಡದ್ದು 1995ರ ಫೆಬ್ರವರಿಯಲ್ಲಿ, ಮೊರಾಕೊದ ಮೆರ್ಜಾ ಜೆರ್ಗಾ ಎಂಬ ಅಳಿವೆಯಲ್ಲಿ. 2025ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಳಿದ ಜಾತಿಗಳ ಪಟ್ಟಿಗೆ ಸೇರಿಸಿತು. ಅದು ಯಾವಾಗ, ಎಲ್ಲಿ ಕಡಿಮೆಯಾಗತೊಡಗಿತು ಎಂದು ಹೇಳಲು ಬೇಕಾದ ಹಳೆಯ ಎಣಿಕೆಗಳು ಬಹಳ ಕಡಿಮೆ. ಇಂದು ಗುಂಪು ಗುಂಪಾಗಿ ಕಾಣುವ ಸಣ್ಣ ಪ್ಲೋವರ್‌ಗಳ, ಸ್ಯಾಂಡ್‌ಪೈಪರ್‌ಗಳ ಅಂಕಿಯೂ ಅದಕ್ಕಾಗಿಯೇ ಬೇಕು.

ಪಟ್ಟಿಯಲ್ಲಿ ಜಾತಿಯ ಹೆಸರಿನ ಮುಂದೆ "ಇತ್ತು" ಎಂದಷ್ಟೇ ಹಾಕದೆ ಅಂದಾಜಿನ ಸಂಖ್ಯೆ ಕೊಡಿ. ಗುರುತು ಸಿಗದ್ದನ್ನು "ಸಣ್ಣ ಸ್ಯಾಂಡ್‌ಪೈಪರ್, ಗುರುತು ಸಿಕ್ಕಿಲ್ಲ" ಎಂದು ಬರೆಯಿರಿ, ಊಹೆಯ ಹೆಸರಿಗಿಂತ ಅದೇ ಬೆಲೆಯುಳ್ಳದ್ದು. ಟಿಪ್ಪಣಿಯ ಜಾಗದಲ್ಲಿ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ, ಉಬ್ಬರ ಎಷ್ಟು ಗಂಟೆಗೆ ಎಂದೂ ಸೇರಿಸಿ. ಮುಂದಿನ ಚಳಿಗಾಲದಲ್ಲಿ ಅದೇ ದಡಕ್ಕೆ ಹೋಗುವವರಿಗೆ ಮೊದಲು ಬೇಕಾಗುವುದು ಆ ಒಂದು ಸಾಲು.